ನನ್ನದಲ್ಲ, ಮುಂದಿನವರನ್ನು ಕೇಳಿ

ಮಂಗಳೂರಿನಿಂದ ಬೆಂಗಳೂರಿಗೆ ಸರಕು ಕಳಿಸುವವರಿಗೆ ಮಳೆಗಾಲ ಶುರುವಾಯಿತು ಅಂದರೆ ದಿನಾ ಒಂದೇ ಪ್ರಶ್ನೆ. ಗಾಡಿಯನ್ನು ಯಾವ ಘಾಟಿಯಲ್ಲಿ ಹತ್ತಿಸುವುದು? ಶಿರಾಡಿ ತೆರೆದಿದ್ದರೆ ಮಾತೇ ಇಲ್ಲ. ರಾಷ್ಟ್ರೀಯ ಹೆದ್ದಾರಿ 75, ಗುಂಡ್ಯ ದಾಟಿ ಸೀದಾ ಸಕಲೇಶಪುರ. ಅಲ್ಲಿ ಗುಡ್ಡ ಜರಿದಿದ್ದರೆ ಚಾರ್ಮಾಡಿ ಇದೆ. ಆದರೆ 2019ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಕುಸಿದ ಮೇಲೆ ಭಾರೀ ವಾಹನಗಳಿಗೆ ನಿರ್ಬಂಧ ಬಂತು. ಅದೂ ಆಗದಿದ್ದರೆ ಪುತ್ತೂರು, ಸುಳ್ಯ ದಾಟಿ ಸಂಪಾಜೆ, ಮಡಿಕೇರಿ, ಮೈಸೂರು ಅಂತ ಸುತ್ತಬೇಕು. ಉಡುಪಿ ಕಡೆಯಿಂದ ಹೊರಟರೆ ಆಗುಂಬೆ ಹತ್ತಿರ ಅನ್ನಿಸುತ್ತದೆ. ಆದರೆ ಅಲ್ಲಿನ ತಿರುವುಗಳು ಇಕ್ಕಟ್ಟು, ದೊಡ್ಡ ಲಾರಿಗೆ ಅಲ್ಲಿ ಜಾಗವಿಲ್ಲ.

ನಾನು ಇಂಥ ಒಂದು ಸರಕು ಸಾಗಣೆ ಕಚೇರಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಸಣ್ಣ ತಂಡದಲ್ಲಿದ್ದೇನೆ. ನಮ್ಮ ಜಾವಾ ಕೋಡಿನಲ್ಲಿ "ದಾರಿ ಆರಿಸು" ಅನ್ನುವ ಒಂದು ಮೆಥಡ್, ಅಂದರೆ ಹೆಸರಿಟ್ಟು ಕರೆಯಬಹುದಾದ ಕೋಡಿನ ತುಂಡು, ಇತ್ತು. ಯಾರೋ ಹಿಂದೆ ಬರೆದದ್ದು, ಆಮೇಲೆ ಬಂದವರೆಲ್ಲ ಒಂದೊಂದು ಸಾಲು ಸೇರಿಸಿದ್ದು. ಇಫ್, ಎಲ್ಸ್ ಇಫ್, ಅದರೊಳಗೆ ಇನ್ನೊಂದು ಇಫ್, ಮತ್ತೆ ಎಲ್ಸ್. ನಡುವೆ ಒಂದು ಕಡೆ "ಈ ಎರಡರ ಕ್ರಮ ಬದಲಿಸಬೇಡಿ" ಅಂತ ಕಾಮೆಂಟ್. ಯಾಕೆ ಅಂತ ಬರೆದಿರಲಿಲ್ಲ.

ಇಫ್–ಎಲ್ಸ್ ಏಣಿಯನ್ನು ನೋಡಿದ ಕೂಡಲೇ ಮೂಗು ಮುರಿಯುವ ಪ್ರೋಗ್ರಾಮರ್‌ಗಳಿದ್ದಾರೆ. ನಾನು ಆ ಪೈಕಿ ಅಲ್ಲ. ಮೂರು ನಾಲ್ಕು ಮೆಟ್ಟಿಲಿನ ಏಣಿ ಓದಲು ಸುಲಭ, ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. ನಮ್ಮ ತೊಂದರೆ ಉದ್ದದ್ದಲ್ಲ. ಏನನ್ನು ಪರೀಕ್ಷಿಸಬೇಕು, ಪರೀಕ್ಷೆ ಪಾಸಾದರೆ ಏನು ಮಾಡಬೇಕು, ಯಾವುದರ ನಂತರ ಯಾವುದನ್ನು ಕೇಳಬೇಕು, ಈ ಮೂರೂ ಒಂದೇ ಕಡೆ ಹೆಣೆದುಕೊಂಡಿದ್ದವು. ಜಿಲ್ಲಾಧಿಕಾರಿಯವರಿಂದ ಹೊಸ ಆದೇಶ ಬಂದಾಗ, ಉದಾಹರಣೆಗೆ "ರಾತ್ರಿ ಹೊತ್ತು ಈ ಘಾಟಿಯಲ್ಲಿ ಸಂಚಾರ ಇಲ್ಲ" ಅಂತ ಬಂದಾಗ, ಏಣಿಯ ನಡುವೆ ಕೈ ಹಾಕಬೇಕಿತ್ತು. ಒಂದು ಮೆಟ್ಟಿಲು ಮುಟ್ಟಿದರೆ ಕೆಳಗಿನ ಎಲ್ಲ ಮೆಟ್ಟಿಲುಗಳ ಅರ್ಥವೂ ಸ್ವಲ್ಪ ಬದಲಾಗುತ್ತದೆ. ಎಲ್ಸ್ ಅಂದರೆ ಅದೇ ಅಲ್ವಾ? ಮೇಲಿನ ಯಾವುದೂ ಅಲ್ಲದಿದ್ದರೆ ಮಾತ್ರ ಇದು.

ಒಂದೊಂದು ಘಾಟಿಯ ನಿಯಮವನ್ನೂ ಬೇರೆ ಬೇರೆ ತುಂಡಾಗಿ ಬರೆದು, ಆಮೇಲೆ ಬೇಕಾದ ಕ್ರಮದಲ್ಲಿ ಕೊಂಡಿ ಹಾಕಲು ಬರುತ್ತದೆಯೇ ಎಂದು ನೋಡಿದೆವು. ಬರುತ್ತದೆ. ಕೊಂಡಿ ಹಾಕುವುದು ಅದರಲ್ಲಿ ಸುಲಭದ ಭಾಗ. ತಲೆ ಕೆಡಿಸಿಕೊಳ್ಳಬೇಕಾದದ್ದು ಒಂದೊಂದು ತುಂಡೂ ವಾಪಸ್ ಏನು ಹೇಳಬೇಕು ಅನ್ನುವುದರ ಬಗ್ಗೆ. ಈ ಬರಹ ಹೆಚ್ಚಾಗಿ ಅದರ ಸುತ್ತಲೇ ಇದೆ.

ಮೊದಲು ಸ್ವಲ್ಪ ಹಿನ್ನೆಲೆ. ಜಾವಾ 8 ಬಂದದ್ದು 2014ರ ಮಾರ್ಚ್‌ನಲ್ಲಿ. ಲ್ಯಾಂಬ್ಡಾಗಳು, ಅಂದರೆ ಹೆಸರಿಡದೆ ಬೇಕಾದ ಕಡೆಯೇ ಬರೆದುಬಿಡುವ ಪುಟ್ಟ ಫಂಕ್ಷನ್‌ಗಳು, ಬಂದದ್ದು ಅದರಲ್ಲೇ. ಅಲ್ಲಿವರೆಗೆ ಜಾವಾದಲ್ಲಿ ಒಂದು ಕೆಲಸವನ್ನು ಮೌಲ್ಯದ ಹಾಗೆ ಕೈಯಿಂದ ಕೈಗೆ ದಾಟಿಸಬೇಕಾದರೆ ಹೆಸರಿಲ್ಲದ ಕ್ಲಾಸ್ ಬರೆದು, ನಾಲ್ಕೈದು ಸಾಲು ದಂಡ ತೆರಬೇಕಿತ್ತು. ಜಾವಾದವರು ಲ್ಯಾಂಬ್ಡಾಗೆ ಅಂತ ಹೊಸ ಬಗೆಯ ಟೈಪನ್ನು (ಮೌಲ್ಯದ ಜಾತಿಯನ್ನು) ತರಲಿಲ್ಲ. ಇಂಟರ್‌ಫೇಸ್ ಅಂದರೆ ಯಾವ ಮೆಥಡ್‌ಗಳು ಇರಬೇಕು ಅನ್ನುವ ಕರಾರು. ಒಂದೇ ಒಂದು ಖಾಲಿ, ಅಂದರೆ ಮೈ ಬರೆಯದ, ಮೆಥಡ್ ಇರುವ ಯಾವ ಇಂಟರ್‌ಫೇಸ್ ಆದರೂ ಸರಿ, ಅದರ ಜಾಗದಲ್ಲಿ ಲ್ಯಾಂಬ್ಡಾ ಕೊಡಬಹುದು ಅಂದರು. ಇದನ್ನೇ ಫಂಕ್ಷನಲ್ ಇಂಟರ್‌ಫೇಸ್ ಅನ್ನುವುದು. ಜೊತೆಗೆ ಸಿದ್ಧ ಇಂಟರ್‌ಫೇಸ್‌ಗಳ ಒಂದು ಪ್ಯಾಕೇಜ್ ಕೊಟ್ಟರು. ಎಣಿಸಿದರೆ 43 ಇವೆ. ಅಷ್ಟು ಜಾಸ್ತಿ ಆದದ್ದು ಸಂಖ್ಯೆಯ ಟೈಪುಗಳಾದ ಇಂಟ್, ಲಾಂಗ್, ಡಬಲ್‌ಗಳಿಗೆ ಬೇರೆ ಬೇರೆ ಬರೆಯಬೇಕಾದ್ದರಿಂದ. ನೆನಪಿಡಬೇಕಾದವು ಕೈಬೆರಳೆಣಿಕೆಯಷ್ಟು. ಏನಾದರೂ ತೆಗೆದುಕೊಂಡು ಇನ್ನೇನೋ ಕೊಡುವ ಫಂಕ್ಷನ್, ಹೌದು ಅಥವಾ ಅಲ್ಲ ಅನ್ನುವ ಪ್ರೆಡಿಕೇಟ್, ತೆಗೆದುಕೊಂಡು ಸುಮ್ಮನಾಗುವ ಕನ್ಸ್ಯೂಮರ್, ಏನೂ ತೆಗೆದುಕೊಳ್ಳದೆ ಕೊಡುವ ಸಪ್ಲೈಯರ್.

ಜಾವಾ 8ರಲ್ಲೇ ಬಂದ ಇನ್ನೊಂದು ಸಂಗತಿ ನಮಗೆ ಇದಕ್ಕಿಂತ ಮುಖ್ಯ: ಡೀಫಾಲ್ಟ್ ಮೆಥಡ್. ಇಂಟರ್‌ಫೇಸಿನ ಒಳಗೇ ಮೈ ಇರುವ ಮೆಥಡ್ ಬರೆಯಬಹುದು. ಹಳೆಯ ಕೋಡನ್ನು ಒಡೆಯದೆ ಹಳೆಯ ಇಂಟರ್‌ಫೇಸ್‌ಗಳಿಗೆ ಹೊಸ ಮೆಥಡ್ ಸೇರಿಸಬೇಕಿತ್ತು, ಅದಕ್ಕೇ ಇದನ್ನು ತಂದದ್ದು. ಆದರೆ ಸರಪಳಿ ಕಟ್ಟುವವರಿಗೆ ಇದು ವರವಾಯಿತು. ಪ್ರೆಡಿಕೇಟಿಗೆ ಆಂಡ್, ಆರ್, ನೆಗೇಟ್ ಇವೆ. ಫಂಕ್ಷನ್‌ಗೆ ಆಂಡ್‌ದೆನ್, ಕಂಪೋಸ್ ಇವೆ. ಎಲ್ಲವೂ ಡೀಫಾಲ್ಟ್ ಮೆಥಡ್‌ಗಳೇ. ಲ್ಯಾಂಬ್ಡಾ ಬರೆಯುವವರು ಒಂದೇ ಮೆಥಡ್ ಬರೆಯುತ್ತಾರೆ, ಕೊಂಡಿ ಹಾಕುವ ಮೆಥಡ್‌ಗಳು ತಾವಾಗಿಯೇ ಬರುತ್ತವೆ.

ಅಂದರೆ ಷರತ್ತುಗಳನ್ನು ಒಂದಕ್ಕೊಂದು ಜೋಡಿಸಬಹುದು, ಕೆಲಸಗಳನ್ನೂ ಜೋಡಿಸಬಹುದು. ಆದರೆ "ಷರತ್ತು ಸರಿಯಾದರೆ ಈ ಕೆಲಸ, ಇಲ್ಲದಿದ್ದರೆ ಮುಂದಿನವರಿಗೆ ಬಿಡು" ಅನ್ನುವ ಜೋಡಣೆ ಆ 43ರಲ್ಲಿ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಆಂಡ್‌ದೆನ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಬೇರೆ ಜಾತಿಯ ಸರಪಳಿ. ಅದರಲ್ಲಿ ಎಲ್ಲ ಕೊಂಡಿಗಳೂ ಓಡುತ್ತವೆ. ಮೊದಲಿನದು ಕೊಟ್ಟದ್ದನ್ನು ಎರಡನೆಯದು ತೆಗೆದುಕೊಳ್ಳುತ್ತದೆ, ಹಾಗೇ ಕೊನೆಯವರೆಗೆ. ನಮಗೆ ಬೇಕಾದದ್ದು ಯಾರಾದರೂ ಒಬ್ಬರು "ಇದು ನನ್ನದು" ಅಂದ ಕೂಡಲೇ ನಿಲ್ಲುವ ಸರಪಳಿ. ಎಲ್ಲರಿಗೂ ಹೋಗುವುದು ಒಂದೇ ಸರಕಿನ ವಿವರ. ಎರಡನ್ನೂ ಚೈನ್ ಅಂತಲೇ ಕರೆಯುವುದರಿಂದ ಈ ಗೊಂದಲ.

ನಿಲ್ಲುವ ಸರಪಳಿ ಹಳೆಯ ವಿಚಾರವೇ. 1994ರಲ್ಲಿ ನಾಲ್ವರು ಲೇಖಕರ ಡಿಸೈನ್ ಪ್ಯಾಟರ್ನ್ಸ್ ಪುಸ್ತಕದಲ್ಲಿ ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ಅಂತ ಇದಕ್ಕೆ ಹೆಸರಿಟ್ಟರು. ಅಲ್ಲಿನ ಉದಾಹರಣೆ ಪರದೆಯ ಮೇಲಿನ ಸಹಾಯದ್ದು. ಬಟನ್‌ಗೆ ತನ್ನದೇ ಸಹಾಯದ ಮಾತು ಗೊತ್ತಿಲ್ಲದಿದ್ದರೆ ತನ್ನನ್ನು ಹೊತ್ತ ಕಿಟಕಿಯನ್ನು ಕೇಳುತ್ತದೆ, ಕಿಟಕಿಗೂ ಗೊತ್ತಿಲ್ಲದಿದ್ದರೆ ಇಡೀ ಅಪ್ಲಿಕೇಶನ್ನನ್ನು. ಆ ವಿನ್ಯಾಸದಲ್ಲಿ ಪ್ರತಿ ಹ್ಯಾಂಡ್ಲರ್ (ಸರಪಳಿಯ ಒಂದೊಂದು ಕೊಂಡಿ) ತನ್ನ ಮುಂದಿನವರ ವಿಳಾಸವನ್ನು ತಾನೇ ಇಟ್ಟುಕೊಂಡಿರುತ್ತದೆ. ನನಗೆ ಅಲ್ಲೇ ಕಿರಿಕಿರಿ. ಶಿರಾಡಿಯ ನಿಯಮಕ್ಕೆ ಚಾರ್ಮಾಡಿಯ ಹೆಸರು ಯಾಕೆ ಗೊತ್ತಿರಬೇಕು? ಗೊತ್ತಿದ್ದರೆ ಏಣಿಯ ಕಥೆಯೇ ಮತ್ತೆ, ಬೇರೆ ಬೇರೆ ಫೈಲುಗಳಲ್ಲಿ ಹರಡಿಕೊಂಡು. ಫಂಕ್ಷನ್‌ಗಳಲ್ಲಿ ಯೋಚಿಸಿದರೆ ಕೊಂಡಿ ಹಾಕುವ ಕೆಲಸ ಹೊರಗಿನವರದ್ದು. ಶಿರಾಡಿಗೆ ತನ್ನ ಕೆಲಸ ಬಿಟ್ಟು ಬೇರೇನೂ ಗೊತ್ತಿರಬೇಕಿಲ್ಲ.

ಸರಿ, ಕೊಂಡಿ ಅಂದರೆ ಏನು? ಮೊದಲು ಎಲ್ಲರಿಗೂ ಹೊಳೆಯುವುದು ಒಂದು ಜೋಡಿ: ಪ್ರೆಡಿಕೇಟ್ ಒಂದು, ಫಂಕ್ಷನ್ ಒಂದು. ಪ್ರೆಡಿಕೇಟ್ ಹೌದು ಅಂದರೆ ಫಂಕ್ಷನ್ ಓಡಿಸು. ನೋಡಲು ಚಂದ. ಆದರೆ ಎರಡು ಜೋಡಿಗಳನ್ನು ಸೇರಿಸಿ ಮೂರನೆಯ ಜೋಡಿ ಮಾಡಲು ಹೊರಟಾಗ ತೊಂದರೆ ಶುರು. ಹೊಸ ಜೋಡಿಯ ಪ್ರೆಡಿಕೇಟ್ ಯಾವುದು? ಎರಡರಲ್ಲಿ ಒಂದಾದರೂ ಹೌದು ಅನ್ನುವುದು. ಹೊಸ ಜೋಡಿಯ ಫಂಕ್ಷನ್? ಮೊದಲನೆಯದರ ಪ್ರೆಡಿಕೇಟನ್ನು ಮತ್ತೆ ಕೇಳಿ, ಹೌದಾದರೆ ಅದರ ಫಂಕ್ಷನ್, ಅಲ್ಲವಾದರೆ ಎರಡನೆಯದರದ್ದು. ಕೇಳಿದ್ದನ್ನೇ ಮತ್ತೆ ಕೇಳಬೇಕು. ಸರಪಳಿ ಉದ್ದವಾದಷ್ಟೂ ಮೊದಲಿನ ಕೊಂಡಿಗಳನ್ನು ಹೆಚ್ಚು ಹೆಚ್ಚು ಬಾರಿ ಕೇಳುತ್ತೇವೆ.

ಸ್ಕಾಲಾ ಭಾಷೆಯವರು ಈ ದಾರಿಯಲ್ಲಿ ನಡೆದು ನೋಡಿದ್ದಾರೆ. ಅವರ ಪಾರ್ಷಿಯಲ್ ಫಂಕ್ಷನ್‌ನಲ್ಲಿ ಎರಡು ಮೆಥಡ್ ಇವೆ: ಈ ಇನ್‌ಪುಟ್ಟಿಗೆ ನಿನ್ನಲ್ಲಿ ಉತ್ತರ ಇದೆಯಾ ಅಂತ ಕೇಳುವುದು ಒಂದು, ಉತ್ತರ ಕೊಡುವುದು ಇನ್ನೊಂದು. ಆರ್‌ಎಲ್ಸ್ ಅಂತ ಕೊಂಡಿ ಹಾಕುವ ಮೆಥಡ್ಡೂ ಇದೆ. ಎರಡೆರಡು ಬಾರಿ ಕೇಳುವ ಖರ್ಚನ್ನು ತಪ್ಪಿಸಲು 2.10ನೇ ಆವೃತ್ತಿಯಲ್ಲಿ ಅಪ್ಲೈ‌ಆರ್‌ಎಲ್ಸ್ ಅಂತ ಇನ್ನೊಂದನ್ನು ಸೇರಿಸಿದರು. ಉತ್ತರ ಇದ್ದರೆ ಕೊಡು, ಇಲ್ಲದಿದ್ದರೆ ಇವರನ್ನು ಕೇಳು, ಎರಡೂ ಒಂದೇ ಏಟಿಗೆ.

ಖರ್ಚು ದೊಡ್ಡ ಮಾತಲ್ಲ ಬಿಡಿ. ನಮ್ಮ ಲೆಕ್ಕಕ್ಕೆ ಅದು ಗಣನೆಗೇ ಬಾರದು. ಭಯ ಇರುವುದು ಎರಡು ಪ್ರಶ್ನೆಗಳ ನಡುವಿನ ಸಮಯದ್ದು. ರಸ್ತೆ ತೆರೆದಿದೆಯಾ ಅಂತ ಮೊದಲ ಬಾರಿ ಕೇಳಿದಾಗ ಹೌದು, ಎರಡನೇ ಬಾರಿ ಕೇಳುವಷ್ಟರಲ್ಲಿ ಆದೇಶ ಬಂದು ಮುಚ್ಚಿದೆ ಅಂತಿಟ್ಟುಕೊಳ್ಳಿ. ಆಗ ಹೊರಗಿನ ಪ್ರೆಡಿಕೇಟ್ ಹೌದು ಅಂದಾಗಿದೆ, ಒಳಗೆ ಯಾರೂ ಹೌದು ಅನ್ನುತ್ತಿಲ್ಲ. ಇಂಥ ಬಗ್ ಮಳೆಗಾಲದ ರಾತ್ರಿ ಮಾತ್ರ ಕಾಣಿಸಿಕೊಳ್ಳುತ್ತದೆ, ಬೆಳಗ್ಗೆ ನೋಡಿದರೆ ಇರುವುದಿಲ್ಲ.

ಹಾಗಾಗಿ ಕೇಳುವುದು, ಉತ್ತರಿಸುವುದು ಎರಡೂ ಒಂದೇ ಕರೆಯಲ್ಲಿ ಮುಗಿಯಬೇಕು. ಕೊಂಡಿ ಅಂದರೆ ಸರಕನ್ನು ತೆಗೆದುಕೊಂಡು ಆಪ್ಷನಲ್ ಕೊಡುವ ಒಂದು ಫಂಕ್ಷನ್. ಆಪ್ಷನಲ್ ಅಂದರೆ ಒಳಗೆ ಒಂದು ಮೌಲ್ಯ ಇರಬಹುದಾದ, ಇಲ್ಲದೆಯೂ ಇರಬಹುದಾದ ಡಬ್ಬಿ. ಆಪ್ಷನಲ್ ಖಾಲಿ ಇದ್ದರೆ "ನನ್ನದಲ್ಲ" ಅಂತ. ತುಂಬಿದ್ದರೆ ಅದೇ ಉತ್ತರ. ಇದಕ್ಕೆ ನಮ್ಮದೇ ಒಂದು ಇಂಟರ್‌ಫೇಸ್ ಮಾಡಿ, ಒಂದು ಖಾಲಿ ಮೆಥಡ್ ಇಟ್ಟು, ಕೊಂಡಿ ಹಾಕುವುದನ್ನು ಡೀಫಾಲ್ಟ್ ಮೆಥಡ್ ಆಗಿ ಬರೆದೆವು. ಬಳಸುವ ಕಡೆ ಅದು ಹೀಗೆ ಕಾಣುತ್ತದೆ:

ಕೊಂಡಿ ದಾರಿ = ಶಿರಾಡಿ
    .ಇಲ್ಲದಿದ್ದರೆ(ಚಾರ್ಮಾಡಿ)
    .ಇಲ್ಲದಿದ್ದರೆ(ಸಂಪಾಜೆ);

ಇದು ನಿಮಗಾಗಿ ಕನ್ನಡಕ್ಕೆ ತಿರುಗಿಸಿ ಬರೆದದ್ದು, ನಮ್ಮ ಕೋಡಿನಲ್ಲಿ ಹೆಸರುಗಳು ಇಂಗ್ಲಿಷಿನಲ್ಲೇ ಇವೆ. ಆದರೆ ಜಾವಾ ಕಂಪೈಲರ್ (ಬರೆದ ಕೋಡನ್ನು ಓಡಿಸಬಹುದಾದ ರೂಪಕ್ಕೆ ತರುವ ಪ್ರೋಗ್ರಾಮ್) ಈ ಹೆಸರುಗಳನ್ನು ಹೀಗೇ ಒಪ್ಪುತ್ತದೆ. ಯೂನಿಕೋಡ್ ಅಕ್ಷರಗಳಲ್ಲಿ ಹೆಸರಿಡಲು ಜಾವಾದಲ್ಲಿ ಮೊದಲಿನಿಂದಲೂ ಅಡ್ಡಿ ಇಲ್ಲ. ಇಫ್, ಕ್ಲಾಸ್‌ಗಳಂಥ ಕೀವರ್ಡ್‌ಗಳನ್ನು ಮಾತ್ರ ಬದಲಿಸಲು ಬಾರದು. ಒಮ್ಮೆ ಪ್ರಯತ್ನಿಸಿ ನೋಡಿ, ಖುಷಿಯಾಗುತ್ತದೆ.

"ಇಲ್ಲದಿದ್ದರೆ" ಮೆಥಡ್‌ನ ಮೈ ಒಂದೇ ಸಾಲು. ನನ್ನನ್ನು ಕರೆ, ಖಾಲಿ ಬಂದರೆ ಮುಂದಿನವರನ್ನು ಕರೆ. ಜಾವಾ 9ರಲ್ಲಿ ಆಪ್ಷನಲ್‌ಗೆ ಆರ್ ಅನ್ನುವ ಮೆಥಡ್ ಬಂದ ಮೇಲೆ ಇದು ಇನ್ನೂ ಸಲೀಸು. ಅದು ಸಪ್ಲೈಯರ್ ತೆಗೆದುಕೊಳ್ಳುತ್ತದೆ, ಖಾಲಿ ಇದ್ದರೆ ಮಾತ್ರ ಅದನ್ನು ಕರೆಯುತ್ತದೆ.

"ಮಾತ್ರ" ಅನ್ನುವಲ್ಲಿ ಸ್ವಲ್ಪ ನಿಲ್ಲಬೇಕು. ಆಪ್ಷನಲ್‌ನಲ್ಲಿ ಆರ್‌ಎಲ್ಸ್ ಅಂತ ಒಂದಿದೆ, ಆರ್‌ಎಲ್ಸ್‌ಗೆಟ್ ಅಂತ ಇನ್ನೊಂದಿದೆ. ಮೊದಲನೆಯದಕ್ಕೆ ಕೊಟ್ಟ ಮೌಲ್ಯ ಬೇಕಿರಲಿ ಬೇಡವಿರಲಿ ಮೊದಲೇ ಲೆಕ್ಕವಾಗಿಬಿಡುತ್ತದೆ. ಎರಡನೆಯದಕ್ಕೆ ಕೊಡುವುದು ಲೆಕ್ಕ ಹಾಕುವ ವಿಧಾನವನ್ನು. ಬೇಕಾದರೆ ಮಾತ್ರ ಅದು ಓಡುತ್ತದೆ. ಹೊಸಬರು ಇಲ್ಲಿ ಎಡವುತ್ತಾರೆ ಅಂತ ಹೇಳಿ ಮುಂದೆ ಹೋಗುವುದು ರೂಢಿ. ಆದರೆ ಈ ಎಡವು ಕಂಪ್ಯೂಟರ್ ಭಾಷೆಗಳಷ್ಟೇ ಹಳೆಯದು. 1950ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ಎಮ್‌ಐಟಿಯಲ್ಲಿ ಐಬಿಎಮ್ 704 ಕಂಪ್ಯೂಟರಿನ ಮೇಲೆ ಚೆಸ್ ಆಟದ ನಡೆಗಳಿಗಾಗಿ ಫೋರ್ಟ್ರಾನ್‌ನಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. ಆ ಕಾಲದ ಫೋರ್ಟ್ರಾನ್‌ನ ಇಫ್ ಬಳಸಲು ತೀರಾ ಕಷ್ಟ. ಅದಕ್ಕೆ ಅವರು ಎಕ್ಸ್‌ಐಎಫ್ ಅನ್ನುವ ಫಂಕ್ಷನ್ ಮಾಡಿಕೊಂಡರು. ಮೂರು ಆರ್ಗ್ಯುಮೆಂಟ್: ಷರತ್ತು, ಹೌದಾದರೆ ಕೊಡಬೇಕಾದದ್ದು, ಅಲ್ಲವಾದರೆ ಕೊಡಬೇಕಾದದ್ದು. ಬಳಸಲು ಚೆನ್ನಾಗಿತ್ತು, ಆದರೆ ಫಂಕ್ಷನ್ ಆದ್ದರಿಂದ ಮೂರನ್ನೂ ಲೆಕ್ಕ ಹಾಕಿಯೇ ಒಳಗೆ ಹೋಗುತ್ತಿತ್ತು. ಎರಡರಲ್ಲಿ ಬೇಕಾದದ್ದು ಒಂದೇ. ಇದು ಬರೀ ನಿಧಾನದ ಪ್ರಶ್ನೆಯೂ ಅಲ್ಲ. ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್‌ನಲ್ಲಿ ಎರಡೂ ಕೊಂಬೆಗಳನ್ನು ಲೆಕ್ಕ ಹಾಕಲು ಹೊರಟರೆ ಕೊನೆಯೇ ಇಲ್ಲ. ಅಲ್ಲಿಂದ ಹುಟ್ಟಿದ್ದು ಒಂದನ್ನೇ ಲೆಕ್ಕ ಹಾಕುವ ನಿಜವಾದ ಕಂಡಿಷನಲ್ ಎಕ್ಸ್‌ಪ್ರೆಶನ್. ಮುಂದೆ ಅವರೇ ರೂಪಿಸಿದ ಲಿಸ್ಪ್ ಭಾಷೆಯಲ್ಲಿ ಷರತ್ತು–ಉತ್ತರಗಳ ಜೋಡಿಗಳನ್ನು ಸಾಲಾಗಿ ಇಟ್ಟು, ಮೊದಲು ಹೊಂದಿದ್ದರಲ್ಲಿ ನಿಲ್ಲುವ ಕಾಂಡ್ ಆಗಿ ಅದು ಬಂತು.

ನಾವು ಇವತ್ತು ಸಪ್ಲೈಯರ್ ಕೊಡುವುದು, ಕೊಂಡಿಗಳನ್ನು ಫಂಕ್ಷನ್ ಆಗಿ ಇಟ್ಟುಕೊಳ್ಳುವುದು ಎಲ್ಲ ಮೆಕಾರ್ಥಿ ಕಂಡ ಆ ತೊಂದರೆಗೇ ಮದ್ದು. ಚಾರ್ಮಾಡಿಯ ನಿಯಮ ಓಡಬೇಕಾದದ್ದು ಶಿರಾಡಿ "ನನ್ನದಲ್ಲ" ಅಂದ ಮೇಲೆ. ಅದಕ್ಕೆ ಮೊದಲು ಓಡಿದರೆ ಅದು ಷರತ್ತೇ ಅಲ್ಲ.

ಇಲ್ಲಿವರೆಗಿನದು ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸ. ಕೋಡ್ ರಿವ್ಯೂನಲ್ಲಿ ಒಬ್ಬ ಸಹೋದ್ಯೋಗಿ ಕೇಳಿದ ಪ್ರಶ್ನೆಯಿಂದ ನಿಜವಾದ ಚರ್ಚೆ ಶುರುವಾಯಿತು. "ಗ್ಯಾಸ್ ಟ್ಯಾಂಕರ್ ಬಂದರೆ ಎಂತ ಮಾಡುದು?"

ಮಂಗಳೂರಿನಿಂದ ಅಡುಗೆ ಅನಿಲ ತುಂಬಿಕೊಂಡು ಘಟ್ಟ ಹತ್ತುವ ಬುಲೆಟ್ ಟ್ಯಾಂಕರ್‌ಗಳನ್ನು ಈ ರಸ್ತೆಯಲ್ಲಿ ಓಡಾಡುವವರೆಲ್ಲ ನೋಡಿದ್ದಾರೆ. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಂಥ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜೀವಗಳು ಹೋದದ್ದು ಈ ಕಡೆಯವರಿಗೆ ಮರೆತಿಲ್ಲ. ಶಿರಾಡಿ ಮುಚ್ಚಿದ್ದಾಗ ಟ್ಯಾಂಕರ್‌ಗೆ ಶಿರಾಡಿಯ ಕೊಂಡಿ ಏನು ಹೇಳಬೇಕು? ಖಾಲಿ ಆಪ್ಷನಲ್ ಕೊಟ್ಟರೆ ಪ್ರಶ್ನೆ ಚಾರ್ಮಾಡಿಗೆ ಹೋಗುತ್ತದೆ, ಅಲ್ಲಿಂದ ಸಂಪಾಜೆಗೆ. ಎಲ್ಲೋ ಒಂದು ಕಡೆ ಯಾವುದೋ ಕೊಂಡಿ, ಟ್ಯಾಂಕರ್ ಬಗ್ಗೆ ಯೋಚಿಸದೇ ಬರೆದದ್ದು, "ಬಾ ನನ್ನಲ್ಲಿ" ಅಂದುಬಿಡುತ್ತದೆ. ನಾವು ಹೇಳಬೇಕಿದ್ದದ್ದು "ಇದು ನನಗೆ ಸಂಬಂಧಿಸಿದ್ದೇ, ನನ್ನ ಉತ್ತರ ನಿಲ್ಲು" ಅಂತ.

ಸರಕಾರಿ ಕಚೇರಿಯಲ್ಲಿ "ಇದು ನನ್ನ ಟೇಬಲ್ ಅಲ್ಲ, ಪಕ್ಕದಲ್ಲಿ ಕೇಳಿ" ಅನ್ನುವುದಕ್ಕೂ "ನಿಮ್ಮ ಅರ್ಜಿ ತಿರಸ್ಕಾರ ಆಗಿದೆ" ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ, ಅದೇ ಇದು. ಎರಡರಲ್ಲೂ ಕೈಗೆ ಏನೂ ಸಿಕ್ಕಿಲ್ಲ. ಆದರೆ ಮೊದಲನೆಯದರಲ್ಲಿ ಮುಂದೆ ಹೋಗಬೇಕು, ಎರಡನೆಯದರಲ್ಲಿ ಹೋಗಬಾರದು. ಖಾಲಿ ಆಪ್ಷನಲ್ ಒಂದೇ ಇದ್ದರೆ ಈ ಎರಡೂ ಒಂದೇ ಮುಖ ಹೊತ್ತು ಬರುತ್ತವೆ. ನಲ್ (ಏನೂ ಇಲ್ಲ ಅನ್ನುವ ಮೌಲ್ಯ) ಕೊಟ್ಟರೂ ಅಷ್ಟೇ. ಬೂಲಿಯನ್, ಅಂದರೆ ಬರೀ ಟ್ರೂ ಅಥವಾ ಫಾಲ್ಸ್, ಕೊಡುವ ಹ್ಯಾಂಡ್ಲರ್‌ಗಳಲ್ಲಂತೂ ಫಾಲ್ಸ್ ಅಂದರೆ "ನಾನು ಮುಟ್ಟಲಿಲ್ಲ" ಅಂತಲೋ "ಮುಟ್ಟಿದೆ, ಆಗಲಿಲ್ಲ" ಅಂತಲೋ ಬರೆದವರಿಗೇ ಗೊತ್ತು.

ಅದಕ್ಕೆ ಉತ್ತರಕ್ಕೇ ಬೇರೆ ಟೈಪ್ ಮಾಡಿದೆವು. ಹೆಸರು ತೀರ್ಪು. ಅದು ಸೀಲ್ಡ್ ಇಂಟರ್‌ಫೇಸ್, ಅಂದರೆ ತನ್ನಲ್ಲಿ ಯಾವ ಯಾವ ಬಗೆಗಳಿವೆ ಅಂತ ಮೊದಲೇ ಹೇಳಿ ಮುಚ್ಚಿಟ್ಟದ್ದು, ಜಾವಾ 17ರಿಂದ ಭಾಷೆಯಲ್ಲೇ ಇರುವುದು. ಅದರಲ್ಲಿ ಎರಡೇ ಬಗೆ: ಹೋಗು ಅನ್ನುವುದು, ಅದರೊಳಗೆ ದಾರಿಯ ಹೆಸರು. ನಿಲ್ಲು ಅನ್ನುವುದು, ಅದರೊಳಗೆ ಕಾರಣ. ಕೊಂಡಿ ಕೊಡುವುದು ತೀರ್ಪು ಇರುವ ಆಪ್ಷನಲ್. ಈಗ ಖಾಲಿ ಅಂದರೆ ಒಂದೇ ಅರ್ಥ, "ನನ್ನದಲ್ಲ". ನಿಲ್ಲು ಅನ್ನುವುದು ತುಂಬಿದ ಉತ್ತರ, ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಟ್ಯಾಂಕರ್‌ನ ನಿಯಮವನ್ನು ಎಲ್ಲ ಘಾಟಿಗಳಿಗಿಂತ ಮೊದಲು ಪ್ರತ್ಯೇಕ ಕೊಂಡಿಯಾಗಿ ಇಟ್ಟೆವು. ಶಿರಾಡಿ ತೆರೆದಿದ್ದರೆ ಹೋಗು, ಇಲ್ಲದಿದ್ದರೆ ನಿಲ್ಲು. ಟ್ಯಾಂಕರ್ ಅಲ್ಲದ ಗಾಡಿಗೆ ಖಾಲಿ. ಈಗ ಚಾರ್ಮಾಡಿಯ ಕೊಂಡಿ ಬರೆಯುವವರು ಟ್ಯಾಂಕರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇದೇ ಸಮಯಕ್ಕೆ ಇನ್ನೊಂದು ತೀರ್ಮಾನ ಮಾಡಿದೆವು. ಕೊಂಡಿಗಳು ತೀರ್ಪು ಹೇಳಬೇಕೇ ಹೊರತು ಕೆಲಸ ಮಾಡಬಾರದು. ಡ್ರೈವರ್‌ಗೆ ಮೆಸೇಜ್ ಕಳಿಸುವುದು, ಬಾಡಿಗೆ ಲೆಕ್ಕ ಬದಲಿಸುವುದು ಎಲ್ಲ ಸರಪಳಿ ಮುಗಿದ ಮೇಲೆ, ತೀರ್ಪು ಕೈಗೆ ಬಂದ ನಂತರ. ಮೆಸೇಜ್ ಕಳಿಸಿ ಆಮೇಲೆ "ನನ್ನದಲ್ಲ" ಅನ್ನುವ ಕೊಂಡಿಗಿಂತ ಕೆಟ್ಟದ್ದು ಇನ್ನೊಂದಿಲ್ಲ. ಹಾಗೆಯೇ ಕೊಂಡಿಗಳು ರಸ್ತೆಯ ಸ್ಥಿತಿಯನ್ನು ಹೊರಗಿನಿಂದ ತಾವಾಗಿ ಕೇಳುವುದಿಲ್ಲ. ಆ ಹೊತ್ತಿನ ಸ್ಥಿತಿಯನ್ನು ಒಂದೇ ಬಾರಿ ತಂದು, ಸರಕಿನ ವಿವರದ ಜೊತೆ ಇನ್‌ಪುಟ್ಟಿಗೆ ಸೇರಿಸಿ ಕೊಡುತ್ತೇವೆ. ಎಲ್ಲ ಕೊಂಡಿಗಳೂ ಒಂದೇ ಗಳಿಗೆಯನ್ನು ನೋಡಿ ಮಾತಾಡುತ್ತವೆ.

ಇದರಿಂದ ಟೆಸ್ಟ್ ಬರೆಯುವುದು ಎಷ್ಟು ಸುಲಭವಾಯಿತು ಅಂದರೆ, 2018ನ್ನೇ ಟೆಸ್ಟ್ ಮಾಡಿಟ್ಟಿದ್ದೇವೆ. ಆ ವರ್ಷ ಶಿರಾಡಿ ಕಾಂಕ್ರೀಟ್ ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿ, ಜುಲೈಯಲ್ಲಿ ತೆರೆದು, ಆಗಸ್ಟಿನ ಮಳೆಗೆ ಮತ್ತೆ ಮುಚ್ಚಿತ್ತು. ಅದೇ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ರಸ್ತೆಯೂ ಕಡಿದುಹೋಗಿತ್ತು. ಎರಡೂ ಮುಚ್ಚಿದ ಸ್ಥಿತಿಯನ್ನು ಇನ್‌ಪುಟ್ ಆಗಿ ಕೊಟ್ಟು, ಸಣ್ಣ ಗಾಡಿಗೆ ಏನು ತೀರ್ಪು, ಭಾರೀ ಗಾಡಿಗೆ ಏನು, ಟ್ಯಾಂಕರ್‌ಗೆ ಏನು ಅಂತ ನೋಡುತ್ತೇವೆ. ಸರ್ವರ್ ಬೇಡ, ಡೇಟಾಬೇಸ್ ಬೇಡ.

ಸರಪಳಿಯ ಕೊನೆ ಏನಾಗಬೇಕು? ಎಲ್ಲ ಕೊಂಡಿಗಳೂ "ನನ್ನದಲ್ಲ" ಅಂದರೆ ಕೊನೆಗೆ ಉಳಿಯುವುದು ಖಾಲಿ. ಅದನ್ನು ಕರೆದವರು ಗಮನಿಸದೆ ಗೆಟ್ ಅಂತ ಕರೆದರೆ ಎಕ್ಸೆಪ್ಶನ್, ಅಂದರೆ ಓಡುತ್ತಿದ್ದ ಪ್ರೋಗ್ರಾಮ್ ಅಲ್ಲೇ ಮುಗ್ಗರಿಸುತ್ತದೆ. ಏಣಿಯಲ್ಲೂ ಕೊನೆಯ ಎಲ್ಸ್ ಬರೆಯಲು ಮರೆಯುವವರಿದ್ದಾರೆ, ಆದರೆ ಅಲ್ಲಿ ಕಣ್ಣಿಗೆ ಕಾಣುತ್ತದೆ. ತುಂಡು ತುಂಡಾಗಿ ಕಟ್ಟಿದ ಸರಪಳಿಯಲ್ಲಿ ಕಾಣುವುದಿಲ್ಲ. ಇದಕ್ಕೆ ನಮಗೆ ಸಿಕ್ಕ ಉಪಾಯ ಎರಡು ಟೈಪ್ ಇಟ್ಟುಕೊಳ್ಳುವುದು. ಒಂದು ಕೊಂಡಿ, ಉತ್ತರ ಕೊಟ್ಟರೂ ಕೊಟ್ಟೀತು, ಬಿಟ್ಟರೂ ಬಿಟ್ಟೀತು. ಇನ್ನೊಂದು ಪೂರ್ಣ ಫಂಕ್ಷನ್, ಉತ್ತರ ಕೊಟ್ಟೇ ಕೊಡುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಒಂದೇ ಬಾಗಿಲು:

ಫಂಕ್ಷನ್ ದಾರಿ_ಆರಿಸು = ಟ್ಯಾಂಕರ್
    .ಇಲ್ಲದಿದ್ದರೆ(ಶಿರಾಡಿ)
    .ಇಲ್ಲದಿದ್ದರೆ(ಚಾರ್ಮಾಡಿ)
    .ಇಲ್ಲದಿದ್ದರೆ(ಸಂಪಾಜೆ)
    .ಕೊನೆಗೆ(ಸರಕು -> ನಿಲ್ಲು("ಯಾವ ಘಾಟಿಯೂ ಇಲ್ಲ"));

"ಕೊನೆಗೆ" ಮೆಥಡ್ ಕರೆಯದೆ ಇದ್ದರೆ ಸಿಗುವುದು ಕೊಂಡಿಯೇ ಹೊರತು ಫಂಕ್ಷನ್ ಅಲ್ಲ. ಉಳಿದ ಸಾಫ್ಟ್‌ವೇರ್ ಕೇಳುವುದು ಫಂಕ್ಷನ್‌ಅನ್ನು. ಮರೆತರೆ ಕಂಪೈಲ್ ಆಗುವುದಿಲ್ಲ. ಈ ಇಡೀ ವಿನ್ಯಾಸದಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಮೇಲಾಗಿ "ಕೊನೆಗೆ" ಕರೆದ ಮೇಲೆ ಇನ್ನೊಂದು ಕೊಂಡಿ ಸೇರಿಸಲೂ ಆಗುವುದಿಲ್ಲ, ಯಾಕೆಂದರೆ ಫಂಕ್ಷನ್‌ಗೆ "ಇಲ್ಲದಿದ್ದರೆ" ಅನ್ನುವ ಮೆಥಡ್ಡೇ ಇಲ್ಲ. ಎಂದೂ ಯಾರೂ ತಲುಪದ ಕೊಂಡಿ ಹುಟ್ಟುವುದೇ ಇಲ್ಲ.

ಗಣಿತದ ಒಂದು ಗುಣ ಇಲ್ಲಿ ಪುಕ್ಕಟೆ ಸಿಗುತ್ತದೆ. ಶಿರಾಡಿ, ಚಾರ್ಮಾಡಿ ಸೇರಿಸಿ ಆಮೇಲೆ ಸಂಪಾಜೆ ಸೇರಿಸಿದರೂ, ಚಾರ್ಮಾಡಿ, ಸಂಪಾಜೆ ಮೊದಲೇ ಸೇರಿಸಿಟ್ಟು ಅದರ ಮುಂದೆ ಶಿರಾಡಿ ಇಟ್ಟರೂ ಉತ್ತರ ಒಂದೇ. ಏನು ಕೇಳಿದರೂ "ನನ್ನದಲ್ಲ" ಅನ್ನುವ ಕೊಂಡಿಯನ್ನು ಎಲ್ಲಿ ಸೇರಿಸಿದರೂ ಏನೂ ಬದಲಾಗದು. ಇಂಥ ರಚನೆಗೆ ಮೊನಾಯ್ಡ್ ಅನ್ನುತ್ತಾರೆ. ಹೆಸರು ಬಿಡಿ, ಲಾಭ ನೋಡಿ. ಕೊಂಡಿಗಳ ಪಟ್ಟಿ ಕೊಟ್ಟರೆ ರೆಡ್ಯೂಸ್ (ಪಟ್ಟಿಯಲ್ಲಿರುವುದನ್ನೆಲ್ಲ ಒಂದೊಂದಾಗಿ ಸೇರಿಸಿ ಒಂದು ಮಾಡುವ ಮೆಥಡ್) ಬಳಸಿ ಒಂದೇ ಸಾಲಿನಲ್ಲಿ ಸರಪಳಿ ಕಟ್ಟಬಹುದು, ಪಟ್ಟಿ ಖಾಲಿ ಇದ್ದರೂ ಸರಿ. ಹಲವು ಕೊಂಡಿಗಳನ್ನು ಸೇರಿಸಿ "ಮಳೆಗಾಲದ ನಿಯಮಗಳು" ಅಂತ ಹೆಸರಿಟ್ಟು ಅದನ್ನೇ ಒಂದು ಕೊಂಡಿಯಂತೆ ಬಳಸಬಹುದು. ಅದಕ್ಕೊಂದು ಪ್ರೆಡಿಕೇಟ್ ಕಾವಲು ಹಾಕಿ "ಮಳೆಗಾಲ ಅಲ್ಲದಿದ್ದರೆ ಇಡೀ ಗುಂಪೂ ನನ್ನದಲ್ಲ ಅನ್ನಲಿ" ಅನ್ನಬಹುದು. ಗುಂಪು ಹೇಗೆ ಮಾಡಿದರೂ ಸರಿ, ಆದರೆ ಹಿಂದುಮುಂದು ಮಾಡುವಂತಿಲ್ಲ. ಟ್ಯಾಂಕರ್‌ನ ಕೊಂಡಿಯನ್ನು ಸಂಪಾಜೆಯ ನಂತರ ಇಟ್ಟರೆ ಬೇರೆಯೇ ಉತ್ತರ.

ದುಃಖ ಇರುವುದು ಡೀಬಗ್ ಮಾಡುವಾಗ. ಏಣಿಯಲ್ಲಿ ತಪ್ಪಾದರೆ ಸಾಲಿನ ಸಂಖ್ಯೆ ನೋಡಿ ಹೋಗಬಹುದು. ಲ್ಯಾಂಬ್ಡಾಗಳ ಸರಪಳಿಯ ಸ್ಟಾಕ್ ಟ್ರೇಸ್ (ಯಾವುದು ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ನೋಡಿದರೆ ಲ್ಯಾಂಬ್ಡಾ ಡಾಲರ್ ಸೊನ್ನೆ, ಲ್ಯಾಂಬ್ಡಾ ಡಾಲರ್ ಒಂದು ಅಂತ ಕಂಪೈಲರ್ ಇಟ್ಟ ಹೆಸರುಗಳೇ ತುಂಬಿರುತ್ತವೆ. ಯಾರು ಯಾರೋ. ಅದಕ್ಕಿಂತ ಕಷ್ಟ, ತಪ್ಪೇ ಆಗದೆ ಪ್ರಶ್ನೆ ಬಂದಾಗ. ರಾತ್ರಿ ಸರಕು ಕಚೇರಿಯಿಂದ ಫೋನ್ ಬರುತ್ತದೆ: "ಎಂತ ಸರ್, ನಿಮ್ಮ ಕಂಪ್ಯೂಟರ್ ಈ ಗಾಡಿಯನ್ನು ಸಂಪಾಜೆಗೆ ಯಾಕೆ ಹಾಕಿತು? ಚಾರ್ಮಾಡಿ ಓಪನ್ ಉಂಟಲ್ಲ ಮಾರಾಯ್ರೆ." ಅವರಿಗೆ ತೀರ್ಪು ಸಾಲದು, ಯಾಕೆ ಅಂತ ಬೇಕು. ಅದು ನ್ಯಾಯವೇ.

ಹಾಗಾಗಿ ಪ್ರತಿ ಕೊಂಡಿಗೂ ಹೆಸರು ಹಾಕುವ ಇನ್ನೊಂದು ಮೆಥಡ್ ಸೇರಿಸಿದೆವು. ಕೊಂಡಿಯೊಂದನ್ನು ಕೊಟ್ಟರೆ, ಅದೇ ಕೆಲಸ ಮಾಡುವ, ಆದರೆ ಮಾಡಿದ್ದನ್ನು ದಾಖಲಿಸುವ ಹೊಸ ಕೊಂಡಿ ಕೊಡುತ್ತದೆ. ಇದು ಫಂಕ್ಷನ್‌ಗಳಿಂದ ಕಟ್ಟಿದ್ದರ ಅನುಕೂಲ. ಒಳಗಿನದನ್ನು ಮುಟ್ಟದೆ ಹೊರಗಿನಿಂದ ಹೊದಿಸಬಹುದು. ಆದರೆ ಖಾಲಿ ಆಪ್ಷನಲ್‌ಗೆ ಕಾರಣ ಹೇಳುವ ಬಾಯಿಲ್ಲ. "ಚಾರ್ಮಾಡಿ: ನನ್ನದಲ್ಲ" ಅಂತ ಮಾತ್ರ ದಾಖಲೆಯಾಗುತ್ತದೆ, ತೂಕ ಜಾಸ್ತಿ ಅಂತಲೋ ರಾತ್ರಿ ನಿರ್ಬಂಧ ಅಂತಲೋ ಗೊತ್ತಾಗದು. ಆಪ್ಷನಲ್ ಬಿಟ್ಟು, "ನನ್ನದಲ್ಲ, ಕಾರಣ ಇದು" ಅನ್ನುವ ಮೂರನೇ ಬಗೆಯನ್ನೂ ನಮ್ಮದೇ ಟೈಪಿನಲ್ಲಿ ತರಬಹುದಿತ್ತು. ತಂದರೆ ಪ್ರತಿ ಕೊಂಡಿ ಬರೆಯುವವರೂ ಕಾರಣ ಬರೆಯಲೇಬೇಕು, ಆಪ್ಷನಲ್‌ನ ಸಿದ್ಧ ಮೆಥಡ್‌ಗಳೂ ಕೈ ತಪ್ಪುತ್ತವೆ. ನಾವು ತರಲಿಲ್ಲ. ಬದಲಿಗೆ ಕೊಂಡಿಗಳನ್ನು ಸಣ್ಣದಾಗಿ ಒಡೆದು, ಒಂದಕ್ಕೆ ಒಂದೇ ಷರತ್ತು ಉಳಿಯುವ ಹಾಗೆ ನೋಡಿಕೊಂಡೆವು. ಹೆಸರೇ ಕಾರಣ ಆಗುತ್ತದೆ. ಇದು ಎಷ್ಟು ದಿನ ನಡೆಯುತ್ತದೋ ನೋಡಬೇಕು. ಇನ್ನೊಂದು ಮಳೆಗಾಲದಲ್ಲಿ ಆ ಮೂರನೇ ಬಗೆಗೆ ಹೋಗಬೇಕಾಗಿ ಬಂದರೆ ಆಶ್ಚರ್ಯವಿಲ್ಲ.

ಎಲ್ಲ ಇಫ್‌ಗಳನ್ನೂ ಹೀಗೆ ಸರಪಳಿ ಮಾಡಬೇಕೇ? ಖಂಡಿತ ಬೇಡ. ನಮ್ಮದೇ ಕೋಡಿನಲ್ಲಿ ತೀರ್ಪು ಬಂದ ಮೇಲೆ ಏನು ಮಾಡಬೇಕು ಅನ್ನುವ ಕಡೆ ಸರಪಳಿ ಇಲ್ಲ, ಸ್ವಿಚ್ ಇದೆ, ಅಂದರೆ ಒಂದು ಮೌಲ್ಯ ನೋಡಿ ಹಲವು ಕವಲುಗಳಲ್ಲಿ ಒಂದನ್ನು ಆರಿಸುವ ಏರ್ಪಾಡು. ಜಾವಾ 21ರಲ್ಲಿ, ಅಂದರೆ 2023ರ ಸೆಪ್ಟೆಂಬರ್‌ನಿಂದ, ಸ್ವಿಚ್‌ನಲ್ಲಿ ಟೈಪ್ ನೋಡಿ ಕವಲೊಡೆಯುವುದು ಭಾಷೆಯ ಭಾಗವೇ ಆಗಿದೆ. ಹೋಗು, ನಿಲ್ಲು ಎರಡೇ ಬಗೆ ಅಂತ ಸೀಲ್ಡ್ ಇಂಟರ್‌ಫೇಸ್ ಹೇಳಿರುವುದರಿಂದ ಒಂದನ್ನು ಬಿಟ್ಟರೆ ಕಂಪೈಲರ್ ಬೈಯುತ್ತದೆ. ನಾಳೆ ಮೂರನೆಯ ಬಗೆ ಸೇರಿಸಿದರೆ ಎಲ್ಲೆಲ್ಲಿ ತಿದ್ದಬೇಕು ಅಂತ ತೋರಿಸುತ್ತದೆ. ಸರಪಳಿಗೆ ಈ ಶಕ್ತಿ ಇಲ್ಲ. ಯಾವ ಸರಕಿಗೆ ಯಾವ ಕೊಂಡಿ ಹೊಂದುತ್ತದೆ ಅಂತ ಕಂಪೈಲರ್‌ಗೆ ಗೊತ್ತಾಗುವುದು ಸಾಧ್ಯವಿಲ್ಲ. ಸಾಧ್ಯತೆಗಳು ಇಷ್ಟೇ ಅಂತ ಮೊದಲೇ ಗೊತ್ತಿರುವ ಕಡೆ ಸ್ವಿಚ್. ನಿಯಮಗಳು ಹೊರಗಿನಿಂದ ಬರುತ್ತಾ ಹೋಗುತ್ತಾ ಇರುವ ಕಡೆ ಸರಪಳಿ. ಎರಡೂ ಅಲ್ಲದ ಎರಡು ಮೂರು ಷರತ್ತಿಗೆ ಹಳೆಯ ಇಫ್ಫೇ ಸಾಕು. ಅಲ್ಲಿ ಫಂಕ್ಷನಲ್ ಇಂಟರ್‌ಫೇಸ್ ತಂದರೆ ಓದುವವರಿಗೆ ಸುಮ್ನೆ ಶಿಕ್ಷೆ.

ಸರಕು ಕಚೇರಿಯ ಮ್ಯಾನೇಜರ್ ಈಗ ಇನ್ನೊಂದು ಕೇಳಿದ್ದಾರೆ. ಕೊಂಡಿಗಳು ಪಟ್ಟಿಯಲ್ಲೇ ಇವೆಯಲ್ಲ, ಹಾಗಾದರೆ ಅದನ್ನು ಪರದೆಯ ಮೇಲೆ ತೋರಿಸಿ, ನಾವೇ ಹಿಂದೆ ಮುಂದೆ ಎಳೆದು ಕ್ರಮ ಬದಲಿಸುತ್ತೇವೆ ಅಂತ. ತಾಂತ್ರಿಕವಾಗಿ ಕಷ್ಟವೇನಿಲ್ಲ. ಪಟ್ಟಿಯನ್ನು ಡೇಟಾಬೇಸಿನಿಂದ ಓದಿ ರೆಡ್ಯೂಸ್ ಮಾಡಿದರಾಯಿತು. ಆದರೆ ನಾವು ಅರ್ಧ ಮಾತ್ರ ಒಪ್ಪಿದ್ದೇವೆ. ಯಾವ ಕೊಂಡಿಯನ್ನು ಆನ್ ಮಾಡಬೇಕು, ಯಾವುದನ್ನು ಆಫ್ ಮಾಡಬೇಕು ಅನ್ನುವುದು ಅವರ ಕೈಯಲ್ಲಿ. ಘಾಟಿಗಳ ನಡುವಿನ ಕ್ರಮವೂ ಅವರದ್ದೇ, ಯಾಕೆಂದರೆ ಡೀಸೆಲ್ ಲೆಕ್ಕ, ಡ್ರೈವರ್‌ಗಳ ಅನುಭವ ನಮಗಿಂತ ಅವರಿಗೆ ಗೊತ್ತು. ಟ್ಯಾಂಕರ್‌ನ ಕೊಂಡಿ ಮತ್ತು ಜಿಲ್ಲಾಡಳಿತದ ಆದೇಶಗಳ ಗುಂಪು ಮಾತ್ರ ಆ ಪರದೆಯಲ್ಲಿ ಇಲ್ಲ. ಅವು ಕೋಡಿನಲ್ಲೇ, ಎಲ್ಲಕ್ಕಿಂತ ಮೊದಲು ಇವೆ. ಪರದೆಯಲ್ಲಿ ಕಟ್ಟಿದ ಸರಪಳಿ ಅವುಗಳ ಹಿಂದೆ ಒಂದೇ ಕೊಂಡಿಯಾಗಿ ಸೇರಿಕೊಳ್ಳುತ್ತದೆ. ಮ್ಯಾನೇಜರ್‌ಗೆ ಇದು ಪೂರ್ತಿ ಹಿಡಿಸಿಲ್ಲ. ಮುಂದಿನ ವಾರ ಮತ್ತೆ ಮಾತಾಡೋಣ ಅಂದಿದ್ದಾರೆ.